ನಿಮ್ಮ ಮಾತ್ರೆ ಯಾವ ಸೀಟಿಗೆ ಟವೆಲ್ ಹಾಕಿದೆ?

ಮನೆಯಲ್ಲಿ ಬಿ.ಪಿ. ಮಾತ್ರೆ, ಹಾರ್ಟ್ ಮಾತ್ರೆ ಅಥವಾ ವಯಸ್ಸಾದವರಿಗೆ ಮೂತ್ರ ಸರಾಗವಾಗಿ ಹೋಗಲಿ ಅಂತ ಕೊಟ್ಟ ಮಾತ್ರೆ ಇದ್ದರೆ, ಆ ಮಾತ್ರೆಯ ಒಂದು ಸ್ಟ್ರಿಪ್ ಕೈಗೆ ತಗೊಳ್ಳಿ. ಕಂಪನಿಯವರು ಇಟ್ಟ ಬ್ರಾಂಡ್ ಹೆಸರು ಬಿಡಿ. ಅದರ ಜೊತೆಗೆ ಔಷಧಿಯ ಅಸಲಿ ಹೆಸರು ಇರುತ್ತದೆ. ಆ ಹೆಸರಿನ ಬಾಲ ನೋಡಿ.

ಬಾಲದಲ್ಲಿ ಓ-ಎಲ್-ಓ-ಎಲ್ ಅಂತ ನಾಲ್ಕು ಅಕ್ಷರ ಇದ್ದರೆ ಅದು ಬೀಟಾ ಬ್ಲಾಕರ್. ಬ್ಲಾಕರ್ ಅಂದರೆ ಗಾಬರಿ ಹುಟ್ಟಿಸುವ ಅಡ್ರಿನಲಿನ್ನನ್ನು ತಡೆಯುವ ಮಾತ್ರೆ, ಹೇಗೆ ಅಂತ ಮುಂದೆ ನೋಡೋಣ. ಅಟೆನೊಲಾಲ್, ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ಪ್ರೊಪ್ರನೊಲಾಲ್ ಎಲ್ಲಾ ಇದೇ ಮನೆತನದವು. 'ಒಸಿನ್' ಅಂತ ಮುಗಿದರೆ ಆಲ್ಫಾ ಬ್ಲಾಕರ್. ಪ್ರಾಜೋಸಿನ್, ಟ್ಯಾಮ್ಸುಲೋಸಿನ್ ಆ ಕಡೆಯವು. ಕಾರ್ವೆಡಿಲಾಲ್ ಮತ್ತು ಲ್ಯಾಬೆಟಲಾಲ್ ಎರಡೂ ಕಡೆ ಕೆಲಸ ಮಾಡುತ್ತವೆ. ಕ್ಲೋನಿಡಿನ್, ಮೀಥೈಲ್ಡೋಪಾ ಅಂತ ಇದ್ದರೆ ಅವುಗಳ ದಾರಿ ಬೇರೆ, ಆಮೇಲೆ ಹೇಳುತ್ತೇನೆ.

ಬಾಲ ನೋಡುವಾಗ ಸ್ವಲ್ಪ ಹುಷಾರು. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ. ಸಾಲ್ಬುಟಮಾಲ್ ಅಂತೂ ಪೂರ್ತಿ ಉಲ್ಟಾ, ಅದು ಉಬ್ಬಸಕ್ಕೆ ಕೊಡುವ ಔಷಧಿ. ಡಪಾಗ್ಲಿಫ್ಲೋಜಿನ್ ಕೇಳೋಕೆ ಹತ್ತಿರ ಅನ್ನಿಸಿದರೂ ಅದು ಶುಗರ್ ಮಾತ್ರೆ. ಇನ್ನೊಂದು ತೊಂದರೆ ಜೋಡಿ ಮಾತ್ರೆಗಳದ್ದು. ಬ್ರಾಂಡ್ ಹೆಸರಿನ ಹಿಂದೆ 'ಎಟಿ' ಅಂತ ಅಂಟಿಸಿದ್ದರೆ ಸಾಮಾನ್ಯವಾಗಿ ಅದರೊಳಗೆ ಆಮ್ಲೋಡಿಪಿನ್ ಜೊತೆ ಅಟೆನೊಲಾಲ್ ಕೂತಿರುತ್ತದೆ. ತಿನ್ನುವವರಿಗೆ ಅದು ಬರೀ 'ಬಿ.ಪಿ. ಮಾತ್ರೆ'. ತಾವು ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದೇವೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ನಾನು ಚಳ್ಳಕೆರೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುವವಳು. ಓದಿದ್ದು ಡಿ.ಫಾರ್ಮ. ಡಾಕ್ಟರ್ ಅಲ್ಲ. ಮಾತ್ರೆ ಬರೆಯುವುದು, ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು ಎಲ್ಲಾ ಅವರ ಕೆಲಸ. ಆದರೆ ಅವರ ಮುಂದೆ ಕೂತಾಗ ಜನಕ್ಕೆ ಮಾತೇ ಹೊರಡುವುದಿಲ್ಲ. ಪ್ರಶ್ನೆಗಳೆಲ್ಲಾ ನೆನಪಾಗುವುದು ನನ್ನ ಕೌಂಟರ್ ಮುಂದೆ ನಿಂತಾಗ. "ಅಕ್ಕಾ, ಇದನ್ನ ಊಟಕ್ಕೆ ಮುಂಚೆನಾ, ಆಮೇಲಾ? ಇದು ತಿಂದ್ರೆ ಸುಸ್ತಾಗುತ್ತಂತೆ, ಬಿಟ್ಟುಬಿಡ್ಲಾ?" ಮಾತ್ರೆ ಮೈಯೊಳಗೆ ಎಲ್ಲಿ ಕೂರುತ್ತದೆ ಅಂತ ಒಂದು ಸಲ ಗೊತ್ತಾದರೆ ಇಂಥ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ನಿಮಗೇ ಹೊಳೆಯುತ್ತದೆ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಮೈಯೊಳಗಿನ ಬಸ್ಸು

ರಾತ್ರಿ ಒಬ್ಬರೇ ಬರುವಾಗ ನಾಯಿ ಅಟ್ಟಿಸಿಕೊಂಡು ಬಂತು ಅನ್ನಿ. ಎದೆ ಡವಡವ ಅನ್ನುತ್ತದೆ. ಉಸಿರಿನ ದಾರಿ ಅಗಲವಾಗುತ್ತದೆ. ಚರ್ಮದ, ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ. ಲಿವರ್ ತನ್ನಲ್ಲಿಟ್ಟುಕೊಂಡ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಇದನ್ನೆಲ್ಲಾ ಮಾಡಿಸುವುದು ಸಿಂಪಥೆಟಿಕ್ ನರಮಂಡಲ. ಎದೆ ಮತ್ತು ಸೊಂಟದ ಮೇಲ್ಭಾಗದ ಬೆನ್ನುಹುರಿಯಿಂದ ಹೊರಡುವ ಈ ನರಗಳು ತಮ್ಮ ತುದಿಯಲ್ಲಿ ಸಂದೇಶ ಒಯ್ಯುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಸುರಿಸುತ್ತವೆ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅದರ ಸೋದರನಂಥ ಅಡ್ರಿನಲಿನ್ನನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ.

ನಾಯಿ ಹೋದ ಮೇಲೆ ಇದು ತಣ್ಣಗಾಗಬೇಕು. ಬಿ.ಪಿ. ಇರುವವರಲ್ಲಿ, ಹಾರ್ಟ್ ಸೋತವರಲ್ಲಿ, ಥೈರಾಯಿಡ್ ಜಾಸ್ತಿ ಆದವರಲ್ಲಿ ನಾಯಿ ಇಲ್ಲದಿದ್ದರೂ ಈ ಗಾಬರಿಯ ಕೆಲಸ ನಡೆಯುತ್ತಲೇ ಇರುತ್ತದೆ. ಅದನ್ನು ತಗ್ಗಿಸುವುದೇ ಈ ಔಷಧಿಗಳ ಕೆಲಸ.

ಹೇಗೆ ತಗ್ಗಿಸುತ್ತವೆ? ಬಸ್ ಸ್ಟ್ಯಾಂಡಿಗೆ ಬಸ್ಸು ಬರುತ್ತಿದ್ದ ಹಾಗೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವೆ, ಅಲ್ವಾ? ಟವೆಲ್ ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ, ಟಿಕೆಟ್ಟೂ ತಗೊಳ್ಳುವುದಿಲ್ಲ. ಆದರೆ ಅದು ಅಲ್ಲಿರುವವರೆಗೂ ಇನ್ನೊಬ್ಬರು ಕೂರುವ ಹಾಗಿಲ್ಲ. ಅಡ್ರಿನಲಿನ್ ಬಂದು ಕೂರುವುದಕ್ಕೂ ನಮ್ಮ ಜೀವಕೋಶಗಳ ಮೇಲೆ ಸೀಟುಗಳಿವೆ. ಅವನ್ನು ರಿಸೆಪ್ಟರ್ ಅನ್ನುತ್ತಾರೆ. ಬ್ಲಾಕರ್ ಮಾತ್ರೆ ಆ ಸೀಟಿಗೆ ಹಾಕಿದ ಟವೆಲ್. ತಾನು ಏನೂ ಮಾಡುವುದಿಲ್ಲ, ಅಡ್ರಿನಲಿನ್ ಕೂರಲೂ ಬಿಡುವುದಿಲ್ಲ. ಬಸ್ಸಿಗೆ ಜನ ಒಮ್ಮೆಗೇ ಮುತ್ತಿಕೊಂಡರೆ ಟವೆಲ್ ಕಿತ್ತೆಸೆದು ಕೂರುವವರೂ ಇರುತ್ತಾರೆ. ಮೈಯೊಳಗೂ ಅಷ್ಟೇ, ಅಡ್ರಿನಲಿನ್ ವಿಪರೀತ ಆದರೆ ಮಾತ್ರೆ ಸೋಲುತ್ತದೆ.

ಈ ಸೀಟುಗಳಲ್ಲಿ ಎರಡು ಜಾತಿ ಇದೆ, ಆಲ್ಫಾ ಮತ್ತು ಬೀಟಾ, ಅಂತ ಮೊದಲು ಹೇಳಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, 1948ರಲ್ಲಿ. ಆಗ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅದೇ ಎಳೆ ಹಿಡಿದರು. ಎದೆನೋವಿನ ರೋಗಿಗಳ ಹೃದಯಕ್ಕೆ ಜಾಸ್ತಿ ಆಕ್ಸಿಜನ್ ಕಳಿಸುವುದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಅವರು ಉಲ್ಟಾ ಯೋಚಿಸಿದರು. ಹೃದಯದ ಕೆಲಸವನ್ನೇ ಕಡಿಮೆ ಮಾಡಿದರೆ ಅದಕ್ಕೆ ಅಷ್ಟು ಆಕ್ಸಿಜನ್ ಯಾಕೆ ಬೇಕು? ಹಾಗೆ 1960ರ ದಶಕದ ಮಧ್ಯದಲ್ಲಿ ಬಂದದ್ದು ಪ್ರೊಪ್ರನೊಲಾಲ್. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಅದಕ್ಕೂ ಮುಂಚಿನ ಕಾಲದಲ್ಲಿ ಬಿ.ಪಿ. ತೀರಾ ಏರಿದವರಿಗೆ ಆಪರೇಷನ್ ಮಾಡಿ ಈ ನರಗಳನ್ನೇ ಕತ್ತರಿಸುತ್ತಿದ್ದರು. ಮಾತ್ರೆ ನುಂಗುವುದಕ್ಕೆ ಬೇಜಾರು ಮಾಡಿಕೊಳ್ಳುವವರಿಗೆ ಇದನ್ನೊಮ್ಮೆ ಹೇಳುವುದುಂಟು.

ನೆನಪಿಟ್ಟುಕೊಳ್ಳಬೇಕಾದ ಸೀಟುಗಳು ನಾಲ್ಕೇ. ಬೀಟಾ-1 ಮುಖ್ಯವಾಗಿ ಹೃದಯದಲ್ಲಿ, ಸ್ವಲ್ಪ ಕಿಡ್ನಿಯಲ್ಲಿ. ಬೀಟಾ-2 ಶ್ವಾಸಕೋಶದ ಕೊಳವೆಗಳಲ್ಲಿ, ಲಿವರಿನಲ್ಲಿ, ಕೈ ನಡುಗಿಸುವ ಸ್ನಾಯುಗಳಲ್ಲಿ. ಆಲ್ಫಾ-1 ರಕ್ತನಾಳಗಳ ಗೋಡೆಯಲ್ಲಿ, ಪ್ರಾಸ್ಟೇಟ್ (ಗಂಡಸರ ಮೂತ್ರದ ದಾರಿ ಸುತ್ತ ಇರುವ ಗ್ರಂಥಿ) ಮತ್ತು ಮೂತ್ರಚೀಲದ ಬಾಯಲ್ಲಿ, ಕಣ್ಣಿನ ಪಾಪೆಯಲ್ಲಿ. ಆಲ್ಫಾ-2 ಮಿದುಳಿನಲ್ಲಿ, ಅದು ವಿಚಿತ್ರದ ಸೀಟು. ಅದರ ಮೇಲೆ ಯಾರಾದರೂ ಕೂತರೆ ಗಾಬರಿ ಕಡಿಮೆಯಾಗುತ್ತದೆ. ಕ್ಲೋನಿಡಿನ್ ಅಲ್ಲಿ ಟವೆಲ್ ಹಾಕುವುದಿಲ್ಲ, ತಾನೇ ಹೋಗಿ ಕೂರುತ್ತದೆ. ಮೀಥೈಲ್ಡೋಪಾದ್ದೂ ಅದೇ ದಾರಿ.

ಒಲಾಲ್ ಮಾತ್ರೆ ತಗೊಳ್ಳುವ ರೀತಿ

ಮೊದಲು ನಾಡಿ ಎಣಿಸುವುದು ಕಲಿಯಿರಿ. ಮಷೀನ್ ಬೇಕಾಗಿಲ್ಲ. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಯುವ ಜಾಗದಲ್ಲಿ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿನಿಂದ ಮುಟ್ಟಬೇಡಿ, ಅದಕ್ಕೆ ತನ್ನದೇ ಬಡಿತ ಇರುತ್ತದೆ, ಲೆಕ್ಕ ತಪ್ಪುತ್ತದೆ. ಜೋರಾಗಿ ಒತ್ತಿದರೆ ಬಡಿತ ಸಿಗುವುದೇ ಇಲ್ಲ. ಹಗುರವಾಗಿ ಇಟ್ಟು ಕಾಯಬೇಕು. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಬಡಿತ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ.

ಬೀಟಾ ಬ್ಲಾಕರ್ ತಗೊಳ್ಳುವವರ ನಾಡಿ ನಿಧಾನವಾಗುವುದು ಸಹಜ. ಎದೆನೋವು ಇರುವವರಿಗೆ 55ರಿಂದ 60ರ ನಡುವೆ ಇರಲಿ ಅಂತ ಡಾಕ್ಟರೇ ಗುರಿ ಇಟ್ಟಿರಬಹುದು. 50ಕ್ಕಿಂತ ಕೆಳಗೆ ಬಂದರೆ, ಅಥವಾ ಕಣ್ಣು ಕತ್ತಲೆ ಬರುವುದು, ತಲೆ ತಿರುಗುವುದು ಇದ್ದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ನಮ್ಮಲ್ಲಿಗೆ ಬರುವ ಒಬ್ಬ ಅಜ್ಜ ಕ್ಯಾಲೆಂಡರಿನ ತಾರೀಖಿನ ಮನೆಯೊಳಗೇ ಪೆನ್ಸಿಲ್ಲಿನಲ್ಲಿ ನಾಡಿ ಬರೆದಿಡುತ್ತಾರೆ. ಹಾಲಿನ ಲೆಕ್ಕ, ನಾಡಿ ಲೆಕ್ಕ ಒಂದೇ ಕಡೆ. ಡಾಕ್ಟರ ಹತ್ತಿರ ಹೋಗುವಾಗ ಕ್ಯಾಲೆಂಡರನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಅದಕ್ಕಿಂತ ಒಳ್ಳೆಯ ರಿಪೋರ್ಟ್ ಬೇಕೇ?

ಊಟದ ವಿಷಯ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಊಟದ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತವೆ. ಒಂದು ದಿನ ಖಾಲಿ ಹೊಟ್ಟೆ, ಒಂದು ದಿನ ಊಟ ಆದಮೇಲೆ ಅಂತ ಮಾಡಬೇಡಿ, ಒಂದೇ ಪದ್ಧತಿ ಇರಲಿ. ಕಾರ್ವೆಡಿಲಾಲ್ ಮಾತ್ರ ಊಟದ ಜೊತೆಗೇ ತಗೋಬೇಕು, ಇಲ್ಲದಿದ್ದರೆ ಒಮ್ಮೆಗೇ ರಕ್ತಕ್ಕೆ ಸೇರಿ, ಎದ್ದು ನಿಂತಾಗ ಬಿ.ಪಿ. ಧಪ್ಪಂತ ಇಳಿಯಬಹುದು.

ಮೆಟೊಪ್ರೊಲಾಲ್‌ನಲ್ಲಿ ಎರಡು ನಮೂನೆ ಇದೆ. ಟಾರ್ಟ್ರೇಟ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸಕ್ಸಿನೇಟ್, 'ಎಕ್ಸ್‌ಎಲ್' ಅಥವಾ 'ಇಆರ್' ಅಂತಿದ್ದರೆ ದಿನಕ್ಕೆ ಒಂದೇ, ಅದು ಇಡೀ ದಿನ ನಿಧಾನವಾಗಿ ಕರಗುವ ಮಾತ್ರೆ. "ಅಜ್ಜಿಗೆ ನುಂಗೋಕೆ ಆಗಲ್ಲ, ಪುಡಿ ಮಾಡಿ ಜೇನಲ್ಲಿ ಕಲಸಿ ಕೊಡ್ತೀವಿ" ಅಂದರು ಒಬ್ಬರು. ಎಕ್ಸ್‌ಎಲ್ ಮಾತ್ರೆಯನ್ನು ಹಾಗೆ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಇಳಿಯುತ್ತದೆ. ಮಧ್ಯದಲ್ಲಿ ಗೆರೆ ಇದ್ದರೆ, ಅರ್ಧ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದರೆ, ಗೆರೆ ಮೇಲೆ ಮುರಿಯಬಹುದು. ಕುಟ್ಟುವುದು, ಅಗಿಯುವುದು ಬೇಡ. ನುಂಗೋಕೆ ಕಷ್ಟ ಅಂತ ಹೇಳಿದರೆ ಡಾಕ್ಟರು ಬೇರೆ ನಮೂನೆ ಬರೆದುಕೊಡುತ್ತಾರೆ.

ಒಂದು ಹೊತ್ತು ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ.

ಸುಸ್ತು, ಕೈಕಾಲು ತಣ್ಣಗಾಗುವುದು, ವಿಚಿತ್ರ ಕನಸುಗಳು ಬೀಳುವುದು ಇದ್ದದ್ದೇ. ಕನಸಿನ ಕಾಟ ಪ್ರೊಪ್ರನೊಲಾಲ್‌ಗೆ ಜಾಸ್ತಿ, ಯಾಕಂದರೆ ಅದು ಕೊಬ್ಬಿನಲ್ಲಿ ಕರಗಿ ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಅಟೆನೊಲಾಲ್ ನೀರಿನಲ್ಲಿ ಕರಗುವಂಥದ್ದು, ಮಿದುಳಿಗೆ ಹೋಗುವುದು ಕಡಿಮೆ. ಗಂಡಸರಿಗೆ ಹಾಸಿಗೆಯಲ್ಲಿ ತೊಂದರೆ ಆಗುವುದೂ ಉಂಟು. ಅದನ್ನು ಬಾಯಿ ಬಿಟ್ಟು ಹೇಳದೆ ಎಷ್ಟೋ ಜನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಹೇಳಿ, ಬದಲಿ ಮಾತ್ರೆ ಇವೆ.

ಶುಗರ್, ಉಬ್ಬಸ, ನೆಗಡಿ

ಶುಗರ್ ಇದ್ದು, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಇಲ್ಲಿ ನಿಧಾನವಾಗಿ ಓದಿ. ಊಟ ತಡವಾಗಿ ರಕ್ತದ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದು ಅಡ್ರಿನಲಿನ್ ಕೊಡುವ ಎಚ್ಚರಿಕೆ. ಬೀಟಾ ಸೀಟುಗಳಿಗೆ ಟವೆಲ್ ಬಿದ್ದಿದ್ದರೆ ಆ ಎರಡೂ ಲಕ್ಷಣ ಮಂಕಾಗುತ್ತವೆ. ಸಕ್ಕರೆ ಇಳಿಯುತ್ತಿದ್ದರೂ ಗೊತ್ತೇ ಆಗುವುದಿಲ್ಲ. ಆದರೆ ಬೆವರು ಉಳಿಯುತ್ತದೆ. ಯಾಕಂದರೆ ಬೆವರು ಗ್ರಂಥಿಗೆ ಹೋಗುವ ನರ ಸಿಂಪಥೆಟಿಕ್ ಗುಂಪಿನದೇ ಆದರೂ ಅದು ಸುರಿಸುವುದು ಅಸಿಟೈಲ್‌ಕೋಲಿನ್, ಅದು ಬೇರೆಯೇ ರಾಸಾಯನಿಕ, ಅದಕ್ಕೆ ಈ ಬೀಟಾ ಸೀಟು ಬೇಕೇ ಇಲ್ಲ. ಹಾಗಾಗಿ ಫ್ಯಾನ್ ಕೆಳಗೆ ಕೂತಿದ್ದರೂ ತಣ್ಣನೆ ಬೆವರು ಬಂತು, ತಲೆ ಓಡುತ್ತಿಲ್ಲ ಅನ್ನಿಸಿತು ಅಂದರೆ ಗ್ಲುಕೋಮೀಟರ್ ಹಾಕಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮಷೀನ್ ಹತ್ತಿರದಲ್ಲಿ ಇಲ್ಲದಿದ್ದರೆ ಮೊದಲು ಸಕ್ಕರೆ, ಆಮೇಲೆ ಮಿಕ್ಕಿದ್ದು.

ಉಬ್ಬಸ ಇರುವವರು ಡಾಕ್ಟರಿಗೆ ಅದನ್ನು ಹೇಳದೆ ಬೀಟಾ ಬ್ಲಾಕರ್ ತಗೊಳ್ಳಲೇಬಾರದು. ಪ್ರೊಪ್ರನೊಲಾಲ್ ಬೀಟಾ-1, ಬೀಟಾ-2 ಎರಡಕ್ಕೂ ಟವೆಲ್ ಹಾಕುತ್ತದೆ. ಉಸಿರಿನ ಕೊಳವೆ ಬಿಗಿಯುತ್ತದೆ, ಇನ್ಹೇಲರಿನ ಸಾಲ್ಬುಟಮಾಲ್ ಹೋಗಿ ಕೂರಬೇಕಾದ ಸೀಟೂ ಸಿಗುವುದಿಲ್ಲ. ಬೈಸೊಪ್ರೊಲಾಲ್, ಮೆಟೊಪ್ರೊಲಾಲ್, ಅಟೆನೊಲಾಲ್ ಬೀಟಾ-1 ಕಡೆಗೇ ಜಾಸ್ತಿ ಹೋಗುತ್ತವೆ. ಡೋಸ್ ಏರಿದಂತೆ ಆ ಭೇದ ಕರಗುತ್ತದೆ.

ಜನ ಲೆಕ್ಕಕ್ಕೇ ಇಡದ್ದು ಕಣ್ಣಿನ ಡ್ರಾಪ್ಸ್. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಕಾಯಿಲೆಗೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರೇ. ಕಣ್ಣಿನ ಹನಿ ಕಣ್ಣೀರಿನ ನಾಳದಿಂದ ಮೂಗಿಗಿಳಿದು, ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಒಂದು ಹನಿಯಿಂದ ಉಬ್ಬಸ ಕೆರಳಿದ್ದು, ನಾಡಿ ಇಳಿದದ್ದು ಉಂಟು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಕಣ್ಣಿನಲ್ಲೇ ನಿಲ್ಲುತ್ತದೆ. 'ಏನೇನು ಮಾತ್ರೆ ತಗೊಳ್ತೀರ' ಅಂತ ಯಾರಾದರೂ ಕೇಳಿದಾಗ ಈ ಡ್ರಾಪ್ಸನ್ನೂ ಹೇಳಿ.

ನೆಗಡಿ ಮಾತ್ರೆ ನನ್ನ ಕೌಂಟರಿನ ನಿತ್ಯದ ಜಗಳ. "ಒಂದು ನೆಗಡಿ ಮಾತ್ರೆ ಕೊಡಕ್ಕಾ" ಅಂದರೆ ನಾನು ಮೊದಲು ಬಿ.ಪಿ. ಇದೆಯಾ ಅಂತ ಕೇಳುತ್ತೇನೆ. ಮೂಗು ಬಿಡಿಸಲು ಅದರಲ್ಲಿ ಹೆಚ್ಚಾಗಿ ಫಿನೈಲೆಫ್ರಿನ್ ಇರುತ್ತದೆ. ಅದು ಆಲ್ಫಾ-1 ಸೀಟಿನಲ್ಲಿ ಕೂತು ರಕ್ತನಾಳ ಬಿಗಿಸುವ ವಸ್ತು. ಬಿ.ಪಿ. ಇಳಿಸಲು ಬೆಳಿಗ್ಗೆ ಒಂದು ಮಾತ್ರೆ, ಏರಿಸಲು ಮಧ್ಯಾಹ್ನ ಇನ್ನೊಂದು, ಯಾಕೆ ಬೇಕು? ಉಪ್ಪುನೀರಿನ ಮೂಗಿನ ಹನಿ, ಬಿಸಿನೀರಿನ ಹಬೆ, ಜ್ವರ ಇದ್ದರೆ ಬರೀ ಪ್ಯಾರಾಸಿಟಮಾಲ್ ಸಾಕು.

ಬೇರೆ ಬೇರೆ ಡಾಕ್ಟರ ಹತ್ತಿರ ತೋರಿಸುವವರಿಗೆ ಇನ್ನೊಂದು ಮಾತು: ಬೀಟಾ ಬ್ಲಾಕರ್ ಜೊತೆ ವೆರಪಾಮಿಲ್ ಅಥವಾ ಡಿಲ್ಟಿಯಾಜೆಮ್ ಅನ್ನುವ ಬಿ.ಪಿ., ಹಾರ್ಟ್ ಮಾತ್ರೆ ಸೇರಿದರೆ ಹೃದಯದ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಳೇ ಚೀಟಿ ತೋರಿಸದೆ ಹೊಸ ಚೀಟಿ ಬರೆಸಬೇಡಿ.

ಒಸಿನ್ ಮಾತ್ರೆ: ಮೊದಲ ರಾತ್ರಿ

ಆಲ್ಫಾ-1ಗೆ ಟವೆಲ್ ಬಿದ್ದರೆ ರಕ್ತನಾಳ ಸಡಿಲವಾಗುತ್ತದೆ. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯದ ಹಾಗೆ ತಡೆಯುವುದು ಇದೇ ನಾಳಗಳ ಬಿಗಿತ. ಅದು ಸಡಿಲವಾದರೆ ತಲೆ ತಿರುಗುತ್ತದೆ, ಕೆಲವರು ಬಿದ್ದೇಬಿಡುತ್ತಾರೆ. ಪ್ರಾಜೋಸಿನ್‌ನ ಮೊದಲ ಡೋಸಿಗೆ ಇದು ಹೆಸರುವಾಸಿ. ಅದಕ್ಕೇ ಮೊದಲ ಮಾತ್ರೆ ಕಡಿಮೆ ಡೋಸಿನದು, ಅದೂ ರಾತ್ರಿ ಮಲಗುವ ಹೊತ್ತಿಗೆ. ಬಚ್ಚಲಿಗೆ ಹೋಗಿ ಬಂದು, ಹಾಸಿಗೆ ಮೇಲೆ ಕೂತು ನುಂಗಿ ಮಲಗಿಬಿಡಿ. ರಾತ್ರಿ ಏಳಬೇಕಾದರೆ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಕೂತು, ಗೋಡೆಯೋ ಮಂಚವೋ ಹಿಡಿದು ಎದ್ದು ನಿಲ್ಲಿ. ಲೈಟ್ ಹಾಕಿಕೊಳ್ಳಿ. ಡೋಸ್ ಏರಿಸಿದಾಗ, ಕೆಲವು ದಿನ ಬಿಟ್ಟು ಮತ್ತೆ ಶುರು ಮಾಡಿದಾಗ ಕೂಡ ಇದೇ ಎಚ್ಚರ. ಬಹಳ ದಿನ ಬಿಟ್ಟಿದ್ದರೆ ಹಳೇ ಡೋಸಿನಿಂದಲೇ ನೀವಾಗಿ ಶುರು ಮಾಡಬೇಡಿ.

ಟ್ಯಾಮ್ಸುಲೋಸಿನ್ ಪ್ರಾಸ್ಟೇಟ್ ದೊಡ್ಡದಾದ ಗಂಡಸರಿಗೆ. ಪ್ರಾಸ್ಟೇಟನ್ನು ಅದು ಚಿಕ್ಕದು ಮಾಡುವುದಿಲ್ಲ, ದಾರಿಯ ಸ್ನಾಯು ಸಡಿಲ ಮಾಡುತ್ತದೆ ಅಷ್ಟೇ. ಪ್ರತಿದಿನ ಅದೇ ಹೊತ್ತಿನ ಊಟ ಆಗಿ ಅರ್ಧ ಗಂಟೆ ಆದಮೇಲೆ ತಗೊಳ್ಳಿ, ಕ್ಯಾಪ್ಸೂಲ್ ಬಿಚ್ಚಬೇಡಿ. ವೀರ್ಯ ಕಡಿಮೆ ಬರುವುದು ಅಥವಾ ಬರದೇ ಇರುವುದು ಈ ಮಾತ್ರೆಯಿಂದ ಆಗಬಹುದು, ಅಪಾಯವಿಲ್ಲ. ವಯಾಗ್ರಾ ಅಂತ ಹೆಸರಾದ ಸಿಲ್ಡೆನಾಫಿಲ್ ಜೊತೆ ಸೇರಿದರೆ ಮಾತ್ರ ಬಿ.ಪಿ. ತೀರಾ ಇಳಿಯಬಹುದು. ಅದನ್ನು ಕೇಳಲು ಬರುವವರು ಸಾಮಾನ್ಯವಾಗಿ ನನ್ನ ಹತ್ತಿರ ಕೇಳುವುದಿಲ್ಲ, ಅಂಗಡಿ ಹುಡುಗ ಒಬ್ಬನೇ ಇರುವ ಹೊತ್ತು ನೋಡಿ ಬರುತ್ತಾರೆ. ನನಗೇ ಹೇಳಬೇಕಾಗಿಲ್ಲ, ಡಾಕ್ಟರಿಗಾದರೂ ಹೇಳಿ ಸ್ವಾಮಿ.

ಇನ್ನು ಕಣ್ಣಿನ ಪೊರೆ ಆಪರೇಷನ್. ಪಾಪೆಯನ್ನು ಅಗಲ ಮಾಡುವ ಸ್ನಾಯುವಿನಲ್ಲೂ ಆಲ್ಫಾ-1 ಇದೆ ಅಂದೆನಲ್ಲ. ಟ್ಯಾಮ್ಸುಲೋಸಿನ್ ತಗೊಂಡವರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಆಪರೇಷನ್ ನಡುವೆ ಸಡಿಲವಾಗಿ ಅಲುಗಾಡಬಹುದು, ಪಾಪೆ ಕುಗ್ಗಬಹುದು ಅನ್ನುವುದು 2005ರಲ್ಲಿ ವರದಿಯಾಯಿತು. ಮಾತ್ರೆ ನಿಲ್ಲಿಸಿ ಎಷ್ಟೋ ದಿನ ಆದರೂ ಇದು ಆಗಬಹುದು. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಿ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಉಚಿತ ಕಣ್ಣಿನ ಶಿಬಿರಕ್ಕೆ ಬಸ್ಸಿನಲ್ಲಿ ಹೋಗುವ ತಾತಂದಿರು ಬಿ.ಪಿ., ಶುಗರ್ ಮಾತ್ರೆ ತೋರಿಸುತ್ತಾರೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಅದನ್ನು ಮೊದಲು ಜೇಬಿಗೆ ಹಾಕಿಕೊಳ್ಳಿ.

ಯಾಕೆ ಒಮ್ಮೆಗೇ ನಿಲ್ಲಿಸಬಾರದು

ತಿಂಗಳುಗಟ್ಟಲೆ ಸೀಟಿಗೆ ಟವೆಲ್ ಬಿದ್ದೇ ಇದ್ದರೆ ಮೈ ಸುಮ್ಮನಿರುವುದಿಲ್ಲ, ಹೊಸ ಸೀಟುಗಳನ್ನು ಜೋಡಿಸುತ್ತದೆ. ಮಾತ್ರೆ ಇರುವವರೆಗೂ ತೊಂದರೆ ಇಲ್ಲ. ನೀವು ಥಟ್ಟನೆ ಬಿಟ್ಟ ದಿನ ಟವೆಲ್ಲುಗಳೆಲ್ಲಾ ಹೋಗಿ, ಮೊದಲಿಗಿಂತ ಜಾಸ್ತಿ ಸೀಟು ಖಾಲಿ ಸಿಗುತ್ತವೆ. ಅದೇ ಅಡ್ರಿನಲಿನ್‌ಗೆ ಹೃದಯ ಈಗ ಎರಡರಷ್ಟು ಹಾರುತ್ತದೆ. ಎದೆನೋವು ಇದ್ದವರಿಗೆ ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಹಾಗಾಗಿ ನಿಲ್ಲಿಸಲೇಬೇಕಾದರೆ ಡಾಕ್ಟರು ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಕ್ಲೋನಿಡಿನ್ ಇನ್ನೂ ಮೊಂಡ. ಡಯಾಲಿಸಿಸ್ ಮಾಡಿಸುವ ಎಷ್ಟೋ ಜನರ ಚೀಟಿಯಲ್ಲಿ ಅದು ಇರುತ್ತದೆ. ಒಂದೆರಡು ದಿನ ತಪ್ಪಿದರೂ ಬಿ.ಪಿ. ಮೊದಲಿಗಿಂತ ಮೇಲೆ ಏರಬಹುದು, ತಲೆನೋವು, ಚಡಪಡಿಕೆ ಎಲ್ಲಾ ಸೇರಿ. ಬಾಯಿ ಒಣಗುತ್ತದೆ, ನಿದ್ದೆ ಎಳೆಯುತ್ತದೆ ಅಂತ ನೀವಾಗಿ ಬಿಡಬೇಡಿ. ಜಾತ್ರೆಗೆ, ಮದುವೆಗೆ ಊರು ಬಿಡುವಾಗ ಬಟ್ಟೆಗಿಂತ ಮುಂಚೆ ಮಾತ್ರೆ ಎಣಿಸಿ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಇಡಿ, ಬಸ್ಸಿನ ಮೇಲೆ ಹಾಕುವ ಲಗೇಜಿನಲ್ಲಿ ಅಲ್ಲ.

ಆಪರೇಷನ್ ಇದೆ ಅಂತ ಬೆಳಿಗ್ಗೆ ಬೀಟಾ ಬ್ಲಾಕರ್ ಬಿಟ್ಟು ಹೋಗುವವರಿದ್ದಾರೆ. ಅರಿವಳಿಕೆ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತಗೊಳ್ಳಿ ಅನ್ನುತ್ತಾರೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆಗೆ ನಿಲ್ಲಿಸಿ ಅಂತ ಡಾಕ್ಟರೇ ಹೇಳಿದರೆ ಮಾತ್ರ, ಅವರು ಹೇಳಿದ ಹಾಗೆ ನಿಲ್ಲಿಸಬೇಕು.

ಹಾರ್ಟ್ ಫೇಲ್ಯೂರ್ ಇರುವವರು ಒಂದು ಪ್ರಶ್ನೆ ಕೇಳುತ್ತಾರೆ: ಹೃದಯ ಮೊದಲೇ ಸೋತಿದೆ, ಇದನ್ನು ಕೊಟ್ಟು ಇನ್ನೂ ನಿಧಾನ ಮಾಡುವುದು ಯಾಕೆ? ಪ್ರಶ್ನೆ ಸರಿಯಾದದ್ದೇ. ಹಿಂದೆ ಡಾಕ್ಟರುಗಳೂ ಹಾಗೇ ಅಂದುಕೊಂಡು ಇಂಥವರಿಗೆ ಬೀಟಾ ಬ್ಲಾಕರ್ ಕೊಡುತ್ತಲೇ ಇರಲಿಲ್ಲ. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು ಕೆಲವು ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು ಬರೆದರು. ನಂಬಿಕೆ ಬರಲು ಇನ್ನೂ ಎರಡು ದಶಕಕ್ಕಿಂತ ಜಾಸ್ತಿ ಬೇಕಾಯಿತು. 1999ರಲ್ಲಿ ಬೈಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್ ಮೇಲಿನ ಎರಡು ದೊಡ್ಡ ಅಧ್ಯಯನಗಳು ಸಾವು ಕಡಿಮೆಯಾಗುತ್ತದೆ ಅಂತ ತೋರಿಸಿದವು. ಸೋತ ಹೃದಯಕ್ಕೆ ಅಡ್ರಿನಲಿನ್ ಹೊಡೆತ ನಿರಂತರ ಬಿದ್ದು ಅದು ಇನ್ನಷ್ಟು ಹಾಳಾಗುತ್ತಿರುತ್ತದೆ, ಅದನ್ನು ಈ ಮಾತ್ರೆ ತಡೆಯುತ್ತದೆ. ಶುರು ಮಾಡುವುದು ತೀರಾ ಸಣ್ಣ ಡೋಸಿನಿಂದ, ಬೈಸೊಪ್ರೊಲಾಲ್ 1.25 ಮಿ.ಗ್ರಾಂ, ಕಾರ್ವೆಡಿಲಾಲ್ 3.125 ಮಿ.ಗ್ರಾಂ ಹೀಗೆ. ಮೊದಲ ವಾರಗಳಲ್ಲಿ ಸುಸ್ತು ಜಾಸ್ತಿ ಆಗಬಹುದು. ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಊಟದ ತೂಕ ಅಲ್ಲ, ನೀರು ತುಂಬಿದ್ದು. ಡಾಕ್ಟರಿಗೆ ತಿಳಿಸಿ.

ಬಸುರಿಯರ ಬಿ.ಪಿ.ಗೆ ಲ್ಯಾಬೆಟಲಾಲ್, ಮೀಥೈಲ್ಡೋಪಾ ಬಹಳ ಕಾಲದಿಂದ ಬಳಕೆಯಲ್ಲಿವೆ. ಅತ್ತೆಯ ಅಟೆನೊಲಾಲ್ ಸೊಸೆಗೆ ಬೇಡ.

ಬೇರಿನ ಪುಡಿ, ಪರೀಕ್ಷೆಯ ಮಾತ್ರೆ

ಸರ್ಪಗಂಧಿ ಬೇರಿನ ಪುಡಿ ಬಿ.ಪಿ.ಗೆ ಒಳ್ಳೆಯದಂತೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಸುಳ್ಳಲ್ಲ. ಮುಂಬೈನ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದ ಮೇಲೆ ಇಡೀ ಜಗತ್ತು ಈ ಗಿಡದ ಕಡೆ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ಸೀಟಿನ ತಂಟೆಗೇ ಹೋಗುವುದಿಲ್ಲ, ನರದ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಖಾಲಿ ಮಾಡುತ್ತದೆ. ಮಿದುಳಿನ ದಾಸ್ತಾನೂ ಖಾಲಿಯಾಗುತ್ತದೆ, ಮನಸ್ಸು ಕುಸಿಯುವುದು ಅದರ ಕುಖ್ಯಾತ ಅಡ್ಡಪರಿಣಾಮ. ಒಳ್ಳೆಯ ಮಾತ್ರೆಗಳು ಬಂದ ಮೇಲೆ ಅದು ಮೂಲೆಗೆ ಸರಿಯಿತು. ಬೀಟಾ ಬ್ಲಾಕರ್ ಜೊತೆಗೆ ಈ ಪುಡಿಯನ್ನೂ ತಿಂದರೆ ನಾಡಿ ಮತ್ತು ಬಿ.ಪಿ. ಎರಡೂ ತೀರಾ ಇಳಿಯಬಹುದು. ಗಿಡದ್ದು ಅನ್ನುವುದು ರಿಯಾಯಿತಿ ಅಲ್ಲ.

ಮಾರ್ಚ್ ಬಂದರೆ ಇನ್ನೊಂದು ಗಿರಾಕಿ: ಪರೀಕ್ಷೆ ಭಯಕ್ಕೆ ಪ್ರೊಪ್ರನೊಲಾಲ್ ಕೇಳುವ ಹುಡುಗರು. ಯೂಟ್ಯೂಬ್ ನೋಡಿ ಬರುತ್ತಾರೆ. ಅದು ಕೈ ನಡುಕ, ಎದೆಬಡಿತ ನಿಲ್ಲಿಸುವುದು ನಿಜ. ಅದಕ್ಕೇ ಬಂದೂಕು, ಬಿಲ್ಲು ಸ್ಪರ್ಧೆಗಳಲ್ಲಿ ಅದಕ್ಕೆ ನಿಷೇಧ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಇದೇ ಪ್ರೊಪ್ರನೊಲಾಲ್ ತಗೊಂಡು ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡರು. ಆದರೆ ಓದದೇ ಇದ್ದದ್ದು ಈ ಮಾತ್ರೆಯಿಂದ ತಲೆಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಉಬ್ಬಸ ಇದ್ದ ಹುಡುಗ ಒಬ್ಬ ನುಂಗಿದರೆ ಪರೀಕ್ಷೆ ಹಾಲ್ ಬದಲು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಇವೆಲ್ಲಾ ಚೀಟಿ ಇಲ್ಲದೆ ಕೊಡಬಾರದ ಮಾತ್ರೆಗಳು. ನಾನು ಕೊಡುವುದಿಲ್ಲ, ಬೈಸಿಕೊಳ್ಳುತ್ತೇನೆ.

ಚೇಳು ಕಡಿದಾಗ

ಯಾವ ಸೀಟು ಅನ್ನುವುದು ಎಷ್ಟು ಮುಖ್ಯ ಅಂತ ಚೇಳಿನ ಕಥೆಯಷ್ಟು ಚೆನ್ನಾಗಿ ಇನ್ಯಾವುದೂ ಹೇಳುವುದಿಲ್ಲ. ಭಾರತದ ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸಿ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳ ಪ್ರವಾಹವನ್ನೇ ಹರಿಸುತ್ತದೆ. ಮೈ ತುಂಬಾ ಬೆವರು, ವಾಂತಿ, ಮಂಜಿನಂಥ ಕೈಕಾಲು, ಏರಿದ ಬಿ.ಪಿ. ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ ಹೀಗೆ ಸಾಯುತ್ತಿದ್ದವರನ್ನು ಹತ್ತಿರದಿಂದ ನೋಡಿದವರು ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ಬಿ.ಪಿ.ಗೆ ಕೊಡುತ್ತಿದ್ದ ಪ್ರಾಜೋಸಿನ್ನನ್ನು ಅವರು ಚೇಳಿನ ಕಡಿತಕ್ಕೆ ಕೊಟ್ಟು ನೋಡಿದರು. ಅವರೂ ಅವರ ಪತ್ನಿ ಡಾ. ಪ್ರಮೋದಿನಿಯವರೂ ಸೇರಿ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಬರೆದರು. ಈಗ ಅದೇ ಮುಖ್ಯ ಚಿಕಿತ್ಸೆ. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಎದೆ ಅಷ್ಟು ಹೊಡೆದುಕೊಳ್ಳುತ್ತಿರುವಾಗ ಬೀಟಾ ಬ್ಲಾಕರ್ ಯಾಕೆ ಕೊಡಬಾರದು? ಬೀಟಾ ಸೀಟಿಗೆ ಮಾತ್ರ ಟವೆಲ್ ಹಾಕಿದರೆ ಆ ಅಡ್ರಿನಲಿನ್ ಎಲ್ಲಾ ಆಲ್ಫಾ ಸೀಟಿಗೇ ನುಗ್ಗುತ್ತದೆ. ನಾಳಗಳು ಇನ್ನೂ ಬಿಗಿಯುತ್ತವೆ, ಅದರ ವಿರುದ್ಧ ತಳ್ಳಬೇಕಾದ ಹೃದಯದ ಬಲ ಮಾತ್ರ ಕುಗ್ಗಿರುತ್ತದೆ. ಅಡ್ರಿನಲಿನ್ ಸುರಿಸುವ ಫಿಯೋಕ್ರೋಮೊಸೈಟೋಮಾ ಅನ್ನುವ ಗಡ್ಡೆ ಇದ್ದವರಿಗೂ ಡಾಕ್ಟರು ಮೊದಲು ಆಲ್ಫಾ ಬ್ಲಾಕರ್ ಕೊಟ್ಟು, ಅದು ಹಿಡಿದ ಮೇಲೆ ಬೇಕಾದರೆ ಬೀಟಾ ಕೊಡುವುದು ಇದೇ ಕಾರಣಕ್ಕೆ.

ನಮ್ಮದು ಬಯಲುಸೀಮೆ. ಶೇಂಗಾ ಬಳ್ಳಿಯ ಬಣವೆ, ಕಲ್ಲಿನ ಸಂದು, ರಾತ್ರಿ ಹೊರಗೆ ಬಿಟ್ಟ ಚಪ್ಪಲಿ, ಎಲ್ಲಿ ಬೇಕಾದರೂ ಚೇಳು ಇರುತ್ತದೆ. ಕಡಿದ ಜಾಗದಲ್ಲಿ ನೋವು ಮಾತ್ರ ಇದ್ದು, ಮೈ ಬೆಚ್ಚಗಿದ್ದರೆ ಅಷ್ಟು ಭಯವಿಲ್ಲ. ಆದರೂ ಆಸ್ಪತ್ರೆಯಲ್ಲಿ ತೋರಿಸಿ, ಮಕ್ಕಳಿಗಾದರೆ ತಡ ಬೇಡವೇ ಬೇಡ. ಬೆವರು, ವಾಂತಿ, ತಣ್ಣನೆ ಕೈಕಾಲು, ಉಸಿರಾಟದ ಕಷ್ಟ ಕಂಡರೆ 108ಕ್ಕೆ ಫೋನ್ ಮಾಡಿ. ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸಲು ಇನ್ನೊಂದು ಊರಿಗೆ ಹೋಗುವುದು ಬೇಡ. ಮನೆಯಲ್ಲಿ ಅಜ್ಜನ ಪ್ರಾಜೋಸಿನ್ ಇದೆ ಅಂತ ನೀವೇ ನುಂಗಿಸಲೂ ಬೇಡಿ. ಅದನ್ನು ಕೊಡುವವರು ಪಕ್ಕದಲ್ಲಿ ಬಿ.ಪಿ. ಮಷೀನ್ ಇಟ್ಟುಕೊಂಡು, ರೋಗಿಯನ್ನು ಮಲಗಿಸಿಕೊಂಡೇ ಕೊಡುತ್ತಾರೆ.